ಯುರೇನಿಯಂ ಕಸದ ದಿಬ್ಬದ ವಾರ್ಷಿಕ ತಪಾಸಣೆ: ಎಲ್ಲಿ ನೋಡಬೇಕು, ಏನು ಬರೆಯಬೇಕು

ಅಮೆರಿಕದಲ್ಲಿ ಹಳೇ ಯುರೇನಿಯಂ ಮಿಲ್‌ಗಳ, ಅಂದ್ರೆ ಅದಿರು ಪುಡಿಮಾಡಿ ಯುರೇನಿಯಂ ತೆಗೆಯುತ್ತಿದ್ದ ಕಾರ್ಖಾನೆಗಳ, ಕಸವನ್ನು ಹೂತಿಟ್ಟ ದಿಬ್ಬಗಳಿವೆ. 1978ರಲ್ಲಿ ಬಂದ ಕಾನೂನಿನ ಕೆಳಗೆ ಮುಚ್ಚಿದ ಜಾಗಗಳನ್ನು ಈಗ ಇಂಧನ ಇಲಾಖೆಯ ಲೆಗಸಿ ಮ್ಯಾನೇಜ್‌ಮೆಂಟ್ ಕಚೇರಿ ನೋಡಿಕೊಳ್ಳುತ್ತದೆ. ಈ ದಿಬ್ಬಗಳು ಆದಷ್ಟು 1000 ವರ್ಷ, ಕಡೇಪಕ್ಷ 200 ವರ್ಷ ಬಾಳಿಕೆ ಬರಬೇಕು ಅನ್ನೋದು ನಿಯಮ. ಹಾಗಾಗಿ ವರ್ಷಕ್ಕೊಮ್ಮೆ ಯಾರಾದರೂ ಹೋಗಿ ನಡೆದು ನೋಡಲೇಬೇಕು.

ಮೊದಲು ಕಾಲ ಕೆಳಗೆ ಏನಿದೆ ಅಂತ ತಿಳ್ಕೊಳ್ಳಿ. ಸಾಮಾನ್ಯವಾಗಿ ಕೆಳಗೆ ಕಸ, ಅದರ ಮೇಲೆ ಒತ್ತಿ ಗಟ್ಟಿ ಮಾಡಿದ ಜೇಡಿಮಣ್ಣು, ಮೇಲುಗಡೆ ದಪ್ಪ ಕಲ್ಲುಗಳ ಹೊದಿಕೆ. ಕಸದಲ್ಲಿರುವ ರೇಡಿಯಂನಿಂದ ರೇಡಾನ್ ಅನ್ನೋ ಅನಿಲ ಹುಟ್ಟುತ್ತದೆ, ಅದರ ಅರ್ಧಾಯುಷ್ಯ (ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಸಮಯ) ಸುಮಾರು 3.8 ದಿನ. ಜೇಡಿಯೊಳಗೆ ಅದು ನಿಧಾನಕ್ಕೆ ಮೇಲೆ ಬರುವಷ್ಟರಲ್ಲಿ ಬಹುಪಾಲು ಕ್ಷಯಿಸಿಹೋಗುತ್ತದೆ. ಅಂದ್ರೆ ಆ ಜೇಡಿ ಪದರ ಬಿರುಕು ಬಿಡದೆ ಇದ್ದರೆ ಅರ್ಧ ಕೆಲಸ ಆದಂತೆ.

ಹೊರಡುವ ಮುಂಚೆ ಹೋದ ವರ್ಷದ ವರದಿ, ಫೋಟೋ ಎರಡನ್ನೂ ಪ್ರಿಂಟ್ ತೆಗೆದು ಇಟ್ಕೊಳ್ಳಿ. ಅದೇ ಜಾಗದಲ್ಲಿ ನಿಂತು, ಅದೇ ದಿಕ್ಕಿಗೆ ತಿರುಗಿ, ಮತ್ತೆ ಫೋಟೋ ತೆಗೀರಿ. ಹೊಸ ಕೋನದಲ್ಲಿ ಚೆಂದದ ಫೋಟೋ ತೆಗೆದು ಏನೂ ಪ್ರಯೋಜನ ಇಲ್ಲ. ಒಂದು ಕೊರಕಲು ಕಳೆದ ವರ್ಷಕ್ಕಿಂತ ಬೆಳೆದಿದೆಯಾ ಇಲ್ಲವಾ ಅನ್ನೋದನ್ನು ಹಳೇ ಫೋಟೋ ಪಕ್ಕ ಇಟ್ಟು ನೋಡಿದರೆ ಮಾತ್ರ ಹೇಳೋಕಾಗುತ್ತೆ.

ಬೇಲಿ, ಗೇಟು, ಗಡಿಕಲ್ಲು, ಎಚ್ಚರಿಕೆ ಬೋರ್ಡು ಇವನ್ನೆಲ್ಲ ಬೇಗ ಮುಗಿಸಿ. ಬೋರ್ಡಿಗೆ ಯಾರೋ ಗುಂಡು ಹೊಡೆದು ತೂತು ಮಾಡಿರೋದು ಅಲ್ಲಿ ಮಾಮೂಲು. ಅಕ್ಷರ ಓದೋಕೆ ಬಂದರೆ ಸಾಕು, ಬರೆದುಕೊಂಡು ಮುಂದೆ ಹೋಗಿ.

ಮೇಲೆ ಹತ್ತಿದ ಮೇಲೆ ಅವಸರ ಬೇಡ. ಅಡ್ಡಡ್ಡ ಸಾಲಾಗಿ ನಡೀರಿ. ಬಿಸಿಲು ಓರೆಯಾಗಿ ಬೀಳುವ ಬೆಳಗ್ಗೆ ಅಥವಾ ಸಂಜೆ ಸಣ್ಣ ತಗ್ಗೂ ನೆರಳಿನಿಂದ ಗೊತ್ತಾಗುತ್ತದೆ. ತಗ್ಗಿದ್ದಲ್ಲಿ ನೀರು ನಿಲ್ಲುತ್ತದೆ, ನಿಂತ ನೀರು ಒಳಗೆ ಇಳಿಯುತ್ತದೆ. ಯೂಟಾದ ಮೆಕ್ಸಿಕನ್ ಹ್ಯಾಟ್ ದಿಬ್ಬದ ಇಳಿಜಾರಿನಲ್ಲಿ ಇಂಥ ತಗ್ಗುಗಳು ಕಾಣಿಸಿಕೊಂಡಿದ್ದವು. ಕಂಡ ತಕ್ಷಣ ಮಣ್ಣು ಸುರಿದು ಮುಚ್ಚಬೇಡಿ, ಕಾರಣ ಗೊತ್ತಾಗೋ ಮುಂಚೆ ಗುರುತೇ ಅಳಿಸಿಹೋಗುತ್ತೆ. ಅಳತೆ ತಗೊಳ್ಳಿ, ಜಿಪಿಎಸ್‌ನಲ್ಲಿ ಗುರುತು ಹಾಕಿ.

ಕಲ್ಲನ್ನೂ ಕೈಗೆತ್ತಿ ನೋಡಿ. ಬಂಡೆ ಅಂದ್ರೆ ಶಾಶ್ವತ ಅಂದ್ಕೋತೀವಿ ಅಲ್ವಾ? ಒರೆಗಾನ್‌ನ ಲೇಕ್‌ವ್ಯೂನಲ್ಲಿ ಹೊದಿಕೆಯ ಕಲ್ಲುಗಳೇ ಒಡೆದು ಸಣ್ಣದಾಗತೊಡಗಿದ್ದರಿಂದ ಅವುಗಳ ಗಾತ್ರವನ್ನು ಅಳೆಯುವ ಕೆಲಸ ಶುರುವಾಯಿತು. ಸೀಳಿದ ಅಂಚು, ಉದುರುವ ಚೂರು, ಕಲ್ಲುಗಳ ಸಂದಿಯಲ್ಲಿ ಹೊಸ ಪುಡಿ ಕಂಡರೆ ಬರೆದಿಡಿ.

ತಲೆನೋವಿನ ವಿಷಯ ಗಿಡಗಳದ್ದು. ಕಲ್ಲುಗಳ ಸಂದಿಯಲ್ಲಿ ತೇವ ಉಳಿಯುತ್ತದೆ, ಧೂಳು ಸೇರುತ್ತದೆ, ಬೀಜಕ್ಕೆ ಅಷ್ಟೇ ಸಾಕು. ಮಳೆ ಜಾಸ್ತಿ ಇರುವ ಪೆನ್ಸಿಲ್ವೇನಿಯಾದ ಬರೆಲ್‌ನಲ್ಲಿ ಜಪಾನೀಸ್ ನಾಟ್‌ವೀಡ್ ಅನ್ನೋ ಕಳೆ ಬೆಳೆದು, ಅದರ ಬೇರು ಜೇಡಿಯೊಳಗೇ ಇಳಿದಿತ್ತು. ಬೇರು ಹೊಕ್ಕ ಕಡೆ ನೀರು ಹೆಚ್ಚು ಸಲೀಸಾಗಿ ಇಳಿಯುತ್ತಿತ್ತು. ಹಾಗಂತ ಕಂಡ ಗಿಡವನ್ನೆಲ್ಲ ಕೀಳೋದೂ ಸರಿಯಲ್ಲ. ಯೂಟಾದ ಮಾಂಟಿಸೆಲ್ಲೊದಲ್ಲಿ ಉದ್ದೇಶಪೂರ್ವಕವಾಗಿಯೇ ಗಿಡ ಬೆಳೆಸಿದ್ದಾರೆ. ಅಲ್ಲಿ ದಪ್ಪ ಮಣ್ಣು ಮಳೆನೀರನ್ನು ಹಿಡಿದಿಡುತ್ತದೆ, ಗಿಡಗಳು ಅದನ್ನು ಹೀರಿ ಗಾಳಿಗೆ ಬಿಡುತ್ತವೆ, ಕಸದ ತನಕ ನೀರು ಹೋಗೋದೇ ಕಷ್ಟ. ಹಾಗಾಗಿ ಕುಡುಗೋಲು ಎತ್ತುವ ಮುಂಚೆ ನಿಮ್ಮ ದಿಬ್ಬ ಯಾವ ಥರದ್ದು, ಅದರ ನಿರ್ವಹಣಾ ಯೋಜನೆಯಲ್ಲಿ ಗಿಡದ ಬಗ್ಗೆ ಏನು ಬರೆದಿದೆ ಅಂತ ನೋಡಿ. ಗಿಡದ ಜಾತಿ, ಎತ್ತರ, ಎಷ್ಟು ಜಾಗ ಹಬ್ಬಿದೆ, ಇಷ್ಟೂ ಬೇಕು.

ಸುತ್ತಲಿನ ಪರೀಕ್ಷೆ ಬಾವಿಗಳ ನೀರನ್ನು ಯೋಜನೆ ಹೇಳಿದ ಹೊತ್ತಿಗೆ ತೆಗೆದು ಲ್ಯಾಬ್‌ಗೆ ಕಳಿಸಿ. ಬಾವಿಯ ಮುಚ್ಚಳ, ಬೀಗ ಸರಿಯಿದೆಯಾ ನೋಡಿ, ಮುಚ್ಚಳ ತೆರೆದಿದ್ದ ಬಾವಿಯ ನೀರಿನ ಫಲಿತಾಂಶ ನಂಬೋಕಾಗಲ್ಲ.

ಇನ್ನು, ಜೋರು ಮಳೆಯೋ ಭೂಕಂಪವೋ ಆದರೆ ಮುಂದಿನ ವರ್ಷದ ಸರದಿ ಬರಲಿ ಅಂತ ಕಾಯಬೇಡಿ. ಆಗಲೇ ಹೊರಟು, ಮೊದಲು ನೀರು ಹರಿದುಹೋಗುವ ಕಾಲುವೆಗಳನ್ನು, ಆಮೇಲೆ ಇಳಿಜಾರಿನ ಬುಡವನ್ನು ನೋಡಿ.