ಭೇಟಿಯ ದಿನ ನೆನಪಿಸುವ ವೆಬ್ ಅಪ್ಲಿಕೇಶನ್: ರೂಪಿಸುವುದು ಹೇಗೆ?

ಸಣ್ಣ ಊರಿನ ಕ್ಲಿನಿಕ್ಕಿಗೆ ವೈದ್ಯರ ಭೇಟಿಯ ದಿನವನ್ನು ರೋಗಿಗಳಿಗೆ ಎಸ್‌ಎಂಎಸ್ ಮೂಲಕ ನೆನಪಿಸುವ ಅಪ್ಲಿಕೇಶನ್ ರೂಪಿಸಲು ಹೊರಟವರು ಸಾಮಾನ್ಯವಾಗಿ ಪರದೆಯ ಬಣ್ಣ, ಬಟನ್‌ಗಳಿಂದ ಕೆಲಸ ಆರಂಭಿಸುತ್ತಾರೆ. ಆರಂಭಿಸಬೇಕಾದದ್ದು ಎಸ್‌ಎಂಎಸ್‌ನಿಂದ, ಏಕೆಂದರೆ ರೋಗಿಯ ಕಣ್ಣಿಗೆ ಬೀಳುವುದು ಅದೊಂದೇ.

ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಸ್ಥಾನಗಳಿದ್ದರೆ ಕನ್ನಡಕ್ಕೆ ಸಿಗುವುದು 70 ಮಾತ್ರ. ಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆಗಳೂ ಪ್ರತ್ಯೇಕವಾಗಿ ಲೆಕ್ಕಕ್ಕೆ ಬರುವುದರಿಂದ, ಕಣ್ಣಿಗೆ ಮೂರೇ ಅಕ್ಷರವಾಗಿ ಕಾಣುವ ‘ಡಾಕ್ಟರ್’ ಏಳು ಸ್ಥಾನಗಳನ್ನು ನುಂಗುತ್ತದೆ. ಮಿತಿ ಮೀರಿದರೆ ಸಂದೇಶ ಎರಡಾಗಿ ಒಡೆದು ಖರ್ಚೂ ಎರಡರಷ್ಟಾಗುತ್ತದೆ. ‘14ರ ಬುಧವಾರ ಬೆಳಿಗ್ಗೆ 10:30ಕ್ಕೆ ಭೇಟಿ. ಆಗದಿದ್ದರೆ ಕರೆ ಮಾಡಿ:’ ಎಂಬುದು 55 ಸ್ಥಾನಗಳಲ್ಲಿ ಮುಗಿಯುತ್ತದೆ. ಉಳಿದ 15ರಲ್ಲಿ ಹತ್ತಂಕಿಯ ಫೋನ್ ಸಂಖ್ಯೆ ಸಲೀಸಾಗಿ ಹಿಡಿಯುತ್ತದೆ. ‘ನಾಳೆ’ ಎಂದು ಬರೆಯದಿರುವುದು ಉದ್ದೇಶಪೂರ್ವಕ: ಸ್ವಿಚ್ ಆಫ್ ಆಗಿದ್ದ ಫೋನಿಗೆ ಸಂದೇಶ ಮರುದಿನ ತಲುಪಿದರೆ ಆ ‘ನಾಳೆ’ ರೋಗಿಯ ದಾರಿ ತಪ್ಪಿಸುತ್ತದೆ. ಮನೆಮಂದಿಗೆಲ್ಲ ಒಂದೇ ಫೋನ್ ಇರುವ ಕಡೆ ಯಾರು ಓದುತ್ತಾರೋ ಹೇಳಲಾಗದು; ಆದ್ದರಿಂದ ಕಾಯಿಲೆಯ ಹೆಸರಾಗಲಿ, ವಿಭಾಗದ ಹೆಸರಾಗಲಿ ಬೇಡ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಾವಳಿಯಂತೆ ಕಳುಹಿಸುವವರ ಹೆಡರ್ (ಸಂದೇಶ ಯಾರದೆಂದು ತೋರಿಸುವ ಕಿರು ಹೆಸರು) ಮತ್ತು ಸಂದೇಶದ ಮಾದರಿ ಎರಡನ್ನೂ ದೂರಸಂಪರ್ಕ ಕಂಪನಿಗಳ ನೋಂದಣಿ ವ್ಯವಸ್ಥೆಯಾದ ಡಿಎಲ್‌ಟಿ ವೇದಿಕೆಯಲ್ಲಿ ಮೊದಲೇ ನೋಂದಾಯಿಸಬೇಕು. ಕೋಡ್ ಬರೆಯುವ ಮುನ್ನವೇ ಅರ್ಜಿ ಹಾಕಿಬಿಡುವುದು ಜಾಣತನ.

ಡೇಟಾಬೇಸ್‌ನಲ್ಲಿ ರೋಗಿ, ವೈದ್ಯರು, ಭೇಟಿ ಇವುಗಳ ಜತೆಗೆ ಜ್ಞಾಪನೆಗೂ ಪ್ರತ್ಯೇಕ ಕೋಷ್ಟಕವಿರಲಿ. ರೋಗಿಯ ಸಾಲಿನಲ್ಲಿ ಭಾಷೆಯ ಆಯ್ಕೆ ಹಾಗೂ ಸಂದೇಶ ಕಳುಹಿಸಲು ಒಪ್ಪಿಗೆ ಪಡೆದ ದಿನಾಂಕವನ್ನು ದಾಖಲಿಸಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ದೃಷ್ಟಿಯಿಂದಲೂ ಒಪ್ಪಿಗೆಯ ದಾಖಲೆ ಇರುವುದು ಒಳ್ಳೆಯದು. ಸಮಯವನ್ನು ಜಾಗತಿಕ ಪ್ರಮಾಣ ಸಮಯವಾದ ಯುಟಿಸಿಯಲ್ಲಿ ಉಳಿಸಿ, ತೋರಿಸುವಾಗ ಭಾರತದ ಸಮಯಕ್ಕಾಗಿ ಐದೂವರೆ ಗಂಟೆ ಸೇರಿಸಿ. ಇದನ್ನು ಮರೆತರೆ ಹತ್ತೂವರೆಯ ಭೇಟಿ ಸಂದೇಶದಲ್ಲಿ ಬೆಳಗಿನ ಐದಕ್ಕೆ ಇಳಿಯುತ್ತದೆ.

ಐದು ನಿಮಿಷಕ್ಕೊಮ್ಮೆ ಓಡುವ ಕ್ರಾನ್ ಜಾಬ್ (ನಿಗದಿತ ವೇಳೆಗೆ ಸರ್ವರ್‌ನಲ್ಲಿ ತಾನಾಗಿಯೇ ನಡೆಯುವ ಕೆಲಸ) ಒಂದು, ವೇಳೆಯಾದ ಜ್ಞಾಪನೆಗಳನ್ನು ಹೆಕ್ಕಿ, ಭೇಟಿ ರದ್ದಾಗಿಲ್ಲವೆಂದು ಆ ಕ್ಷಣದಲ್ಲೇ ಮತ್ತೊಮ್ಮೆ ಪರಿಶೀಲಿಸಿ, ಅನಂತರವೇ ಕಳುಹಿಸಬೇಕು. ಒಂದೇ ಭೇಟಿಗೆ ಒಂದೇ ಬಗೆಯ ಜ್ಞಾಪನೆ ಎರಡು ಸಲ ಹೋಗದಂತೆ ಕೋಷ್ಟಕದಲ್ಲೇ ಯುನೀಕ್ ನಿರ್ಬಂಧ, ಅಂದರೆ ಒಂದೇ ದಾಖಲೆ ಎರಡು ಸಲ ಸೇರದಂತೆ ತಡೆಯುವ ನಿಯಮ ಹಾಕಿ.

ಪರದೆಯ ವಿಚಾರಕ್ಕೆ ಬಂದರೆ, ರಿಸೆಪ್ಷನ್‌ನಲ್ಲಿ ಕೂತವರಿಗೆ ಒಂದೇ ಪುಟ ಸಾಕು: ಆ ದಿನದ ಪಟ್ಟಿ. ಅದರಲ್ಲಿ ಎಸ್‌ಎಂಎಸ್ ತಲುಪದವರ ಹೆಸರುಗಳು ಮೇಲಕ್ಕೆ ಬರಲಿ. ಅವರಿಗೆ ಫೋನ್ ಮಾಡಿಯೇ ಹೇಳಬೇಕಾಗುತ್ತದೆ.