ಎಲುಬು ನೋಡಿ ನಡಿಗೆ ಹೇಳುವುದು ಹೇಗೆ?

ನಮ್ಮ ಬದಿಯಡ್ಕ ಕಡೆ ಅಡಿಕೆ ಹರಡುವ ಮೊದಲು ಅಂಗಳ ಮಾಡುವ ಕೆಲಸ ಇರುತ್ತದೆ. ಮಣ್ಣು ಹಾಕಿ, ನೀರು ಹೊಡೆದು, ಬಡಿದು ಸಮ ಮಾಡಿ, ಸೆಗಣಿ ಸಾರಿಸುವುದು. ಅದು ಆರುವ ಮೊದಲು ಯಾರಾದರೊಬ್ಬರು ತುಳಿದೇ ತುಳಿಯುತ್ತಾರೆ. ಹೋದ ವರ್ಷ ತುಳಿದದ್ದು ನಾನೇ. ಅಮ್ಮ ಬೈದದ್ದು ಬೇರೆ ಮಾತು. ಆ ಹೆಜ್ಜೆ ಮಾತ್ರ ಮಳೆಗಾಲದವರೆಗೂ ಹಾಗೇ ಇತ್ತು. ಹಿಮ್ಮಡಿಯ ಕಡೆ ಆಳದ ಗುಳಿ, ನಡುವೆ ಒಳಬದಿಯಲ್ಲಿ ಏನೂ ಇಲ್ಲ, ಮುಂದೆ ಹೆಬ್ಬೆರಳು ಒತ್ತಿದ ಗುರುತು.

ಇಂಥದ್ದೇ ಹೆಜ್ಜೆಗಳು ತಾಂಜಾನಿಯಾದ ಲಾಯೆಟೋಲಿಯಲ್ಲಿವೆ. ಜ್ವಾಲಾಮುಖಿಯ ಬೂದಿ ಮಳೆಗೆ ಒದ್ದೆಯಾಗಿತ್ತು. ಅದರ ಮೇಲೆ ಮನುಷ್ಯರ ಪೂರ್ವಜರಂಥ ಯಾರೋ ನಡೆದು ಹೋದರು. ಬೂದಿ ಗಟ್ಟಿಯಾಯಿತು. 1978ರಲ್ಲಿ ಪಳೆಯುಳಿಕೆ ಹುಡುಕುತ್ತಿದ್ದ ವಿಜ್ಞಾನಿ ಮೇರಿ ಲೀಕಿಯವರ ತಂಡಕ್ಕೆ ಸಿಕ್ಕಾಗ ಆ ಹೆಜ್ಜೆಸಾಲಿಗೆ ಸುಮಾರು 36 ಲಕ್ಷ ವರ್ಷ ವಯಸ್ಸಾಗಿತ್ತು. ಉದ್ದ ಸುಮಾರು 27 ಮೀಟರ್. ಹಿಮ್ಮಡಿ, ಹೆಬ್ಬೆರಳು ಎಲ್ಲ ನಮ್ಮ ಅಂಗಳದ್ದರ ಹಾಗೆಯೇ.

ಇಷ್ಟು ಅದೃಷ್ಟ ಯಾವಾಗಲೂ ಇರುವುದಿಲ್ಲ. ಸಾಮಾನ್ಯವಾಗಿ ಸಿಗುವುದು ಆ ಪೂರ್ವಜರ ಎಲುಬಿನ ಚೂರು. ಅದರಲ್ಲಿ ನಡಿಗೆ ಓದುವುದನ್ನು ಕಲಿಯಲು ನಿಮ್ಮ ಮೈಯೇ ಸಾಕು. ಜೊತೆಗೆ ಒಂದು ಚೊಂಬು ನೀರು, ಹತ್ತು ನಿಮಿಷ ಬಿಡುವು.

ಒಂದು: ಕುತ್ತಿಗೆ

ತಲೆಬುರುಡೆ ಕುತ್ತಿಗೆಗೆ ಸೇರುವ ಜಾಗ ಮುಟ್ಟಿ ನೋಡಿ. ಬೆನ್ನುಹುರಿ ಹೊರಬರುವ ತೂತು ನಮ್ಮಲ್ಲಿ ಬುರುಡೆಯ ಅಡಿಯಲ್ಲಿದೆ. ಕೋಲಿನ ಮೇಲೆ ಮಡಕೆ ಇಟ್ಟ ಹಾಗೆ. ನಾಯಿ, ದನಗಳಲ್ಲಿ ಅದು ಹಿಂದಕ್ಕಿದೆ. 1924ರಲ್ಲಿ ದಕ್ಷಿಣ ಆಫ್ರಿಕಾದ ಟೌಂಗ್ ಎಂಬಲ್ಲಿ ಒಂದು ಮಗುವಿನ ಬುರುಡೆ ಸಿಕ್ಕಿತು. ಈ ತೂತು ಮುಂದಕ್ಕಿರುವುದನ್ನು ನೋಡಿಯೇ ಇದು ನೆಟ್ಟಗೆ ನಡೆದ ಜೀವಿ ಎಂದು ಅಂಗರಚನಾ ವಿಜ್ಞಾನಿ ರೇಮಂಡ್ ಡಾರ್ಟ್ ಮರುವರ್ಷ ಬರೆದರು. ಅದನ್ನು ಎಲ್ಲರೂ ಒಪ್ಪಲು ವರ್ಷಗಟ್ಟಲೆ ಬೇಕಾಯಿತು.

ಎರಡು: ಸೊಂಟ

ಒಂಟಿ ಕಾಲಲ್ಲಿ ನಿಂತು, ಊರಿದ ಕಾಲಿನ ಬದಿಯ ಸೊಂಟಕ್ಕೆ ಅಂಗೈ ಇಡಿ. ಒಳಗೆ ಸ್ನಾಯು ಬಿಗಿಯಾಯಿತು ಅಲ್ವಾ? ಮೈ ಇನ್ನೊಂದು ಬದಿಗೆ ವಾಲದಂತೆ ಹಿಡಿದದ್ದು ಅದೇ. ನಮ್ಮ ಸೊಂಟದ ಎಲುಬು ಗಿಡ್ಡ, ಅಗಲ, ಬೋಗುಣಿಯ ಹಾಗೆ ಬದಿಗೆ ತಿರುಗಿರುವುದರಿಂದ ಆ ಸ್ನಾಯುವಿಗೆ ಸರಿಯಾದ ಹಿಡಿತ ಸಿಗುತ್ತದೆ. ಚಿಂಪಾಂಜಿಯದು ಉದ್ದ, ಚಪ್ಪಟೆ, ಬೆನ್ನಿಗೆ ಒರಗಿಸಿದ ಹಲಗೆಯಂತೆ. ಅದಕ್ಕೇ ಅದು ಎರಡು ಕಾಲಲ್ಲಿ ನಡೆದರೆ ಅತ್ತಿತ್ತ ತೂಗುತ್ತದೆ. 1974ರಲ್ಲಿ ಇಥಿಯೋಪಿಯಾದ ಹಡಾರ್‌ನಲ್ಲಿ ಸಿಕ್ಕ 'ಲೂಸಿ' ಎಂಬ ಪೂರ್ವಜ ಹೆಣ್ಣಿನ ಅಸ್ಥಿಪಂಜರಕ್ಕೆ 32 ಲಕ್ಷ ವರ್ಷ. ಎತ್ತರ ಮೂರೂವರೆ ಅಡಿ. ಮಿದುಳು ಚಿಂಪಾಂಜಿಯದಕ್ಕಿಂತ ಹೆಚ್ಚೇನೂ ದೊಡ್ಡದಲ್ಲ. ಸೊಂಟ ಮಾತ್ರ ಬೋಗುಣಿ.

ಮೂರು: ಮೊಣಕಾಲು

ನನ್ನನ್ನು ಕೇಳಿದರೆ ಕಲಿಯಬೇಕಾದದ್ದು ಇದನ್ನೇ. ಕನ್ನಡಿ ಎದುರು ಪಾದ ಜೋಡಿಸಿ ನಿಲ್ಲಿ. ತೊಡೆಗಳು ಮೇಲೆ ಸೊಂಟದಷ್ಟು ದೂರ, ಕೆಳಗೆ ಮೊಣಕಾಲು ಹತ್ತಿರ ಹತ್ತಿರ. ಅಂದರೆ ತೊಡೆ ಎಲುಬು ಓರೆಯಾಗಿ ಇಳಿದಿದೆ. ಆ ಎಲುಬಿನ ಮೊಣಕಾಲ ತುದಿಯನ್ನು ಮೇಜಿನ ಮೇಲೆ ಊರಿ ನಿಲ್ಲಿಸಿದರೆ ಕಾಂಡ ಸುಮಾರು 10 ಡಿಗ್ರಿ ವಾಲುತ್ತದೆ. ಚಿಂಪಾಂಜಿಯದು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲುತ್ತದೆ. ಈ ಓರೆ ಇದ್ದರೆ ಒಂದು ಹೆಜ್ಜೆ ಎತ್ತಿದಾಗ ಇನ್ನೊಂದು ಪಾದ ಮೈಯ ನೇರ ಕೆಳಗೇ ಇರುತ್ತದೆ. ಲೂಸಿಗಿಂತ ಒಂದು ವರ್ಷ ಮೊದಲು, ಲೂಸಿಯನ್ನೂ ಹುಡುಕಿದ ವಿಜ್ಞಾನಿ ಡೊನಾಲ್ಡ್ ಜೊಹಾನ್ಸನ್ ಅವರಿಗೆ ಹಡಾರ್‌ನಲ್ಲೇ ಒಂದು ಮೊಣಕಾಲು ಸಿಕ್ಕಿತ್ತು. ತಲೆ ಇಲ್ಲ, ಸೊಂಟ ಇಲ್ಲ. ಆದರೂ ಓರೆ ನೋಡಿ ಎರಡು ಕಾಲಿನ ನಡಿಗೆ ಎಂದು ಹೇಳಲು ಸಾಧ್ಯವಾಯಿತು.

ಸ್ವಾರಸ್ಯ ಇರುವುದು ಮುಂದೆ. ಹುಟ್ಟಿದ ಮಗುವಿಗೆ ಈ ಓರೆ ಇರುವುದಿಲ್ಲ. ತೊಡೆ ಎಲುಬು ನೇರವಾಗಿಯೇ ಇರುತ್ತದೆ. ಮಗು ಎದ್ದು, ಬಿದ್ದು, ನಡೆದು, ಭಾರ ಹಾಕಿ ಹಾಕಿ ಓರೆ ಬರುತ್ತದೆ. ಯಾವತ್ತೂ ನಡೆಯಲು ಆಗದವರಲ್ಲಿ ಅದು ಬೆಳೆಯುವುದೇ ಇಲ್ಲ. ಸೊಂಟದ ಆಕಾರ ಬಹುಮಟ್ಟಿಗೆ ಹಿರಿಯರಿಂದ ಬಂದ ಆಸ್ತಿ. ಅದು ಇದ್ದ ಮಾತ್ರಕ್ಕೆ ಬಳಸಿದರು ಅಂತೇನಿಲ್ಲ. ಮೊಣಕಾಲಿನ ಓರೆ ಸ್ವಂತ ಸಂಪಾದನೆ. ಸಾಕ್ಷಿ ಹೇಳಲು ಕರೆಯುವುದಾದರೆ ನಾನು ಮೊಣಕಾಲನ್ನೇ ಕರೆಯುತ್ತೇನೆ.

ನಾಲ್ಕು: ಪಾದ

ಕಾಲು ಒದ್ದೆ ಮಾಡಿ ಜಗಲಿಯ ಕೆಂಪು ನೆಲದ ಮೇಲೆ ಒಂದು ಹೆಜ್ಜೆ ಇಡಿ. ನಡುವೆ ಒಳಬದಿ ಒಣಗಿದ್ದರೆ ಅದು ಪಾದದ ಕಮಾನು. (ಪೂರ್ತಿ ಒದ್ದೆಯಾದವರು ಹೆದರಬೇಡಿ, ನಮ್ಮ ಮನೆಯಲ್ಲೂ ಇಬ್ಬರಿದ್ದಾರೆ.) ಹೆಬ್ಬೆರಳು ಉಳಿದ ಬೆರಳುಗಳ ಸಾಲಿನಲ್ಲಿದೆಯೇ ನೋಡಿ. 'ಆರ್ಡಿ' ಎಂದು ಕರೆಯುವ, 44 ಲಕ್ಷ ವರ್ಷ ಹಳೆಯ ಇನ್ನೊಂದು ಅಸ್ಥಿಪಂಜರದ ಕಾಲಿನ ಹೆಬ್ಬೆರಳು ಕೈಯ ಹೆಬ್ಬೆಟ್ಟಿನಂತೆ ಪಕ್ಕಕ್ಕೆ ಚಾಚಿತ್ತು. ಕೊಂಬೆ ಹಿಡಿಯಲು ಒಳ್ಳೆಯದು, ದೂರ ನಡೆಯಲು ಅಷ್ಟಕ್ಕಷ್ಟೆ. ಹಾಗಿದ್ದರೂ ಸೊಂಟದ ಮೇಲ್ಭಾಗ ನೋಡಿದವರು ಅದು ನೆಲದ ಮೇಲೆ ಎರಡು ಕಾಲಲ್ಲೂ ನಡೆಯುತ್ತಿತ್ತು ಎನ್ನುತ್ತಾರೆ.

ಐದು: ಕೈ ಮತ್ತು ಹೆಗಲು

ಜಗಳ ಶುರುವಾಗುವುದು ಇಲ್ಲಿ. ಲೂಸಿಯ ಕಾಲು ನೆಲದವಳು ಎನ್ನುತ್ತದೆ. ಬೆರಳೆಲುಬು ಬಾಗಿದೆ, ಹೆಗಲ ಗುಳಿ ಮೇಲ್ಮುಖವಾಗಿದೆ. ಅವು ಮರದವಳು ಎನ್ನುತ್ತವೆ. ಕೆಲವರು ಅದು ಹಳೆಯ ಆಸ್ತಿ, ಬಳಕೆ ಇಲ್ಲದೆ ಉಳಿದದ್ದು ಎಂದರು. ಆದರೆ ಬೆರಳಿನ ಬಾಗು ಕೂಡ ಬೆಳೆಯುವ ವಯಸ್ಸಿನ ಬಳಕೆಗೆ ತಕ್ಕಂತೆ ಬದಲಾಗುತ್ತದೆ. ಹಾಗಾಗಿ ಲೂಸಿಯ ಜನ ಹಗಲು ನಡೆದು, ರಾತ್ರಿ ಮಲಗಲು ಮರ ಹತ್ತುತ್ತಿದ್ದರು ಎನ್ನುವ ಕಡೆಗೇ ನನ್ನ ಓಟು.

ಆರು: ಕೊನೆಗೆ ಒಂದು ಎಚ್ಚರಿಕೆ

ಪಾದದ ಗಂಟಿನ ಎಲುಬು ನೋಡಿ, ನಮ್ಮ ಪೂರ್ವಜರು ಚಿಂಪಾಂಜಿಯಂತೆ ಪಾದ ಮಡಚಿ ಮರ ಹತ್ತಿರಲಾರರು ಎಂದು 2009ರಲ್ಲಿ ಒಂದು ವಾದ ಬಂತು. ಕೆಲವು ವರ್ಷಗಳ ನಂತರ ಉಗಾಂಡಾದ ಟ್ವಾ ಜನ ಜೇನಿಗಾಗಿ ಮರ ಹತ್ತುವುದನ್ನು ಸಂಶೋಧಕರು ಅಳೆದರು. ಅವರ ಪಾದ ಕಣಕಾಲಿನ ಕಡೆಗೆ 45 ಡಿಗ್ರಿಗಿಂತ ಜಾಸ್ತಿ ಮಡಚುತ್ತಿತ್ತು! ಗುಟ್ಟು ಇದ್ದದ್ದು ಮೀನಖಂಡದಲ್ಲಿ. ಪಕ್ಕದ ಊರಿನ ಬೇಸಾಯಗಾರರಿಗಿಂತ ಇವರ ಸ್ನಾಯುವಿನ ಎಳೆ ಉದ್ದ. ಸ್ನಾಯು ಮಣ್ಣಲ್ಲಿ ಉಳಿಯುವುದಿಲ್ಲ. ನಮ್ಮ ಮುರಕಲ್ಲಿನ ಹುಳಿ ಮಣ್ಣಲ್ಲಂತೂ ಎಲುಬೇ ಉಳಿಯುವುದು ಕಷ್ಟ.

ಇದನ್ನು ಓದಿದ ಮೇಲೆ ನಮ್ಮ ತೋಟಕ್ಕೆ ಅಡಿಕೆ ಕೊಯ್ಯಲು ಬರುವವರನ್ನು ಗಮನಿಸಿದೆ. ಎರಡೂ ಪಾದಕ್ಕೆ ತಳೆ (ಹಗ್ಗದ ಬಳೆ) ಹಾಕಿ, ಅಂಗಾಲುಗಳ ನಡುವೆ ಮರವನ್ನು ಅದುಮಿ, ಮೊಣಕಾಲು ಹೊರಗೆ ಮಾಡಿ ಕಪ್ಪೆಯ ಹಾಗೆ ಜಿಗಿಯುತ್ತಾ ಮೇಲೆ ಹೋದರು. ಒಂದು ಮರದ ತಲೆ ತೂಗಿ ಇನ್ನೊಂದನ್ನು ಹಿಡಿದು ದಾಟಿದರು. ಏಳೆಂಟು ಮರ ಮುಗಿಸಿ ಇಳಿದ ಮೇಲೆ ಕಾಲು ತೋರಿಸಿ ಎಂದೆ. ನಕ್ಕರು. ಅಂಗಾಲಿನ ಒಳ ಅಂಚಿನಲ್ಲಿ ಚಪ್ಪಲಿ ಅಟ್ಟೆಯಷ್ಟು ದಪ್ಪ ಚರ್ಮ. ಅವರು ಬದುಕಿಡೀ ಮರ ಹತ್ತಿದ್ದಕ್ಕೆ ನನಗೆ ಕಂಡ ಗುರುತು ಅದೊಂದೇ. ಅದೂ ಚರ್ಮದ್ದು.