ಅಂಗಮಾರಿಗೆ ಬದು ಗೊತ್ತಿಲ್ಲ

ಹಾಸನ ತಾಲ್ಲೂಕಿನ ಸಾಲಗಾಮೆ ಕಡೆ ನಮ್ಮ ಹೊಲ. ರೋಹಿಣಿ ಮಳೆ ಹೊತ್ತಿಗೆ ಆಲೂಗೆಡ್ಡೆ ಹಾಕಿದರೆ ಪುನರ್ವಸು ಮಳೆಗೆ ಗಿಡ ಸಾಲು ಮುಚ್ಚಿರುತ್ತದೆ. ಸರಿಯಾಗಿ ಆಗಲೇ ಸೋನೆ ಹಿಡಿಯುವುದು. ಎರಡು ಮೂರು ದಿನ ಬಿಸಿಲು ಬೀಳದೆ, ಎಲೆ ಒಣಗದೆ, ತಂಪು ಕೂತರೆ ಸಾಕು, ಅಂಗಮಾರಿ ಅನ್ನೋ ಎಲೆ ಕೊಳೆಸುವ ರೋಗ ಬಂತು ಅಂತಲೇ ಲೆಕ್ಕ. ಕುದಿಯೋ ನೀರು ಹೊಯ್ದ ಹಾಗೆ ವಾರದೊಳಗೆ ಹೊಲವೆಲ್ಲ ಕಪ್ಪಾಗಿ ಮಲಗುತ್ತದೆ.

ಮೊದಲೂ ಎಲ್ಲರೂ ಔಷಧಿ ಹೊಡೆಯುತ್ತಿದ್ದೆವು. ಆದರೆ ಒಬ್ಬರು ಈ ವಾರ, ಇನ್ನೊಬ್ಬರು ಕೈಗೆ ದುಡ್ಡು ಬಂದಾಗ. ರೋಗದ ಕಣ ಗಾಳಿಯಲ್ಲಿ, ಮಳೆಹನಿಯಲ್ಲಿ ಹಾರುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಗಾಳಿ ಪಡುವಣದಿಂದ. ಪಡುವಣದ ಹೊಲಕ್ಕೆ ಬಿದ್ದ ರೋಗ ಮೂಡಣದ ಹೊಲಕ್ಕೆ ಬರದೆ ಇರುತ್ತಾ? ಹಾಗಾಗಿ ಆ ಬಯಲಿನಲ್ಲಿ ಹೊಲ ಇರುವ ನಾವೆಲ್ಲ ಕೂತು ಮಾತಾಡಿದೆವು. ಬೆಳೆ ಅವರವರದು, ರೋಗದ ಮಟ್ಟಿಗೆ ಮಾತ್ರ ಇದೆಲ್ಲ ಒಂದೇ ಹೊಲ ಅಂತ ಒಪ್ಪಿಕೊಂಡೆವು.

ಕೆಲಸ ಶುರುವಾಗುವುದು ಬಿತ್ತನೆ ಗೆಡ್ಡೆಯಿಂದ. ಪಂಜಾಬಿನ ಜಲಂಧರ್ ಕಡೆಯ ಗೆಡ್ಡೆ ಮೇ ತಿಂಗಳಲ್ಲಿ ಹಾಸನದ ಎಪಿಎಂಸಿಯಲ್ಲಿ ಸಿಗುತ್ತದೆ. ರೋಗ ಗೆಡ್ಡೆಯೊಳಗೇ ಅಡಗಿ ಬರಬಹುದು. ಹೋಳು ಮಾಡುವಾಗ ಸಿಪ್ಪೆಯ ಕೆಳಗೆ ಕಂದು ಕಲೆ ಕಂಡರೆ ಆ ಗೆಡ್ಡೆ ಪೂರ್ತಿ ಹೊರಗೆ. ಮೊದಲು ಇದನ್ನೆಲ್ಲ ಸುಮ್ನೆ ಬದುವಿನ ಮೇಲೆ ಎಸೆಯುತ್ತಿದ್ದರು. ಮಳೆ ಬಿದ್ದಾಗ ಅವು ಅಲ್ಲೇ ಮೊಳೆತು, ರೋಗ ಅಲ್ಲಿಂದಲೇ ಹಬ್ಬುತ್ತಿತ್ತು. ಈಗ ಎಲ್ಲರ ಕೊಳೆ ಗೆಡ್ಡೆಗೂ ಒಂದೇ ಗುಂಡಿ, ಆಳವಾಗಿ ತೋಡಿ ಮುಚ್ಚುತ್ತೇವೆ. ಜೋಳದ ಹೊಲದಲ್ಲಿ ಹೋದ ವರ್ಷದ ಗೆಡ್ಡೆ ತಾನಾಗಿ ಚಿಗುರಿದ್ದರೆ ಅದನ್ನೂ ಕೀಳುತ್ತೇವೆ.

ಸೋನೆ ಹಿಡಿದ ಮೇಲೆ ಕಾವಲು. ಸರದಿ ಪ್ರಕಾರ ಒಬ್ಬರು ಬೆಳಿಗ್ಗೆ ಬೇಗ ಪಡುವಣದ ಹೊಲದಿಂದ ನೋಡಿಕೊಂಡು ಬರಬೇಕು. ನಿಂತು ನೋಡಿದರೆ ಏನೂ ಕಾಣಲ್ಲ, ಕುಕ್ಕರಗಾಲಲ್ಲಿ ಕೂತು ಕೆಳಗಿನ ಎಲೆ ಮಗುಚಬೇಕು. ಎಲೆಯ ಅಂಚಿನಲ್ಲಿ ನೀರಲ್ಲಿ ನೆನೆದಂಥ ಮಚ್ಚೆ, ಸುತ್ತ ತಿಳಿ ಹಸಿರು. ಹಿಂಬದಿಯಲ್ಲಿ ಮಚ್ಚೆಯ ಅಂಚಿಗೆ ಬಿಳಿ ಬೂಷ್ಟು. ಬಿಸಿಲೇರಿ ಎಲೆ ಒಣಗಿದ ಮೇಲೆ ಆ ಬಿಳುಪು ಕಾಣುವುದಿಲ್ಲ, ಅದಕ್ಕೇ ಬೇಗ ಹೋಗಬೇಕು. ಒಣಗಿದ ಮಚ್ಚೆಯೊಳಗೆ ಉಂಗುರ ಉಂಗುರವಾಗಿದ್ದರೆ ಅದು ಬೇರೆ ರೋಗ. ಅನುಮಾನ ಇದ್ದರೆ ಎಲೆಯನ್ನು ಒದ್ದೆ ಬಟ್ಟೆ ಹಾಸಿದ ಟಿಫಿನ್ ಡಬ್ಬಿಯಲ್ಲಿ ರಾತ್ರಿ ಇಟ್ಟು ಬೆಳಿಗ್ಗೆ ನೋಡುತ್ತೇವೆ. ಅಂಗಮಾರಿ ಆದರೆ ಬೂಷ್ಟು ಎದ್ದು ಕಾಣುತ್ತದೆ.

ಇಷ್ಟೆಲ್ಲ ಸುಲಭವೇ. ಕಷ್ಟ ಇದ್ದದ್ದು ಬಾಯಿ ಬಿಟ್ಟು ಹೇಳುವುದರಲ್ಲಿ. ನಮ್ಮ ಹೊಲಕ್ಕೆ ರೋಗ ಬಿದ್ದಿದೆ ಅಂತ ಯಾರೂ ಹೇಳುತ್ತಿರಲಿಲ್ಲ. ವ್ಯಾಪಾರಿ ರೇಟು ಮುರಿಯುತ್ತಾನೆ ಅನ್ನೋ ಭಯ, ಹೊಲ ನೋಡಿಕೊಳ್ಳೋಕೆ ಬರಲ್ಲ ಅಂತಾರೆ ಅನ್ನೋ ನಾಚಿಕೆ. ಯಾರ ಹೊಲದಿಂದ ಬಂತು ಅಂತ ಯಾರೂ ಕೇಳಕೂಡದು ಎಂದು ಹಿರಿಯರೇ ಕಟ್ಟು ಮಾಡಿದರು. ಎಲ್ಲದಕ್ಕಿಂತ ಕೆಲಸಕ್ಕೆ ಬಂದದ್ದು ಅದೇ ಅಂತ ನನ್ನ ಅನಿಸಿಕೆ. ಈಗ ಮಚ್ಚೆ ಕಂಡ ತಕ್ಷಣ ವಾಟ್ಸಾಪಿನಲ್ಲಿ ಫೋಟೋ ಬೀಳುತ್ತದೆ.

ಇನ್ನೊಂದು ದುಡ್ಡಿನ ವಿಷಯ. ಪಡುವಣದ ತುದಿಯಲ್ಲಿ ಒಬ್ಬ ಅಕ್ಕನಿಗೆ ಕೆಲವೇ ಗುಂಟೆ ಇದೆ. "ಔಷಧಿಗೆ ಎಲ್ಲಿಂದ ತರ್ಲಪ್ಪ, ಬಂದಷ್ಟು ಬರ್ಲಿ ಬಿಡು" ಅಂದರು. "ಅಕ್ಕ, ನಿಮ್ಮ ಹೊಲ ಉಳಿದ್ರೆ ತಾನೇ ನಮ್ದು ಉಳಿಯೋದು?" ಅಂದೆ. ಎಲ್ಲರೂ ಹಾಕಿದ ದುಡ್ಡಿನಲ್ಲಿ ಅವರ ಹೊಲಕ್ಕೇ ಮೊದಲು ಹೊಡೆದೆವು. ಅವರು ಗೆಡ್ಡೆ ಆಯುವಾಗ ಮುಯ್ಯಿಗೆ, ಅಂದರೆ ಕೂಲಿಯಿಲ್ಲದೆ ಕೆಲಸಕ್ಕೆ ಕೆಲಸ ತೀರಿಸಲು, ಬಂದರು. ಮುಯ್ಯಾಳು ನಮ್ಮಲ್ಲಿ ಮೊದಲಿಂದ ಇದ್ದದ್ದೇ, ಅದನ್ನೇ ರೋಗಕ್ಕೂ ತಂದೆವು.

ಮೋಡ ಕಟ್ಟಿದಾಗಲೇ, ರೋಗ ಕಾಣುವ ಮುಂಚೆಯೇ ಲೀಟರ್ ನೀರಿಗೆ 2 ಗ್ರಾಂ ಮ್ಯಾಂಕೋಜೆಬ್ ಅನ್ನೋ ರೋಗ ತಡೆಯುವ ಔಷಧಿ ಹೊಡೆಯುತ್ತೇವೆ. ಎಲೆಯ ಕೆಳಭಾಗ ನೆನೆಯಬೇಕು. ಇಡೀ ಬಯಲು ಒಂದೇ ದಿನ, ಆಗದಿದ್ದರೆ ಮಾರನೇ ದಿನಕ್ಕೆ ಮುಗಿಯಬೇಕು. ಮಚ್ಚೆ ಕಂಡ ಮೇಲೆ ಸೈಮೋಕ್ಸಾನಿಲ್ ಅನ್ನೋ ಇನ್ನೊಂದು ಔಷಧಿ ಬೆರೆತ ಮ್ಯಾಂಕೋಜೆಬ್, ಲೀಟರಿಗೆ 3 ಗ್ರಾಂ. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ರೋಗ ಅದಕ್ಕೆ ಒಗ್ಗಿಕೊಳ್ಳುತ್ತದೆ, ಮೆಟಲಾಕ್ಸಿಲ್ ಅನ್ನೋ ಔಷಧಿಗೆ ಆದದ್ದು ಅದೇ. ರೋಗ ಬಿದ್ದ ಗಿಡ ಕಿತ್ತರೆ ಚೀಲಕ್ಕೆ ಹಾಕಿಯೇ ಒಯ್ಯಬೇಕು, ಸಾಲಿನ ಮೇಲೆ ಎಳೆದುಕೊಂಡು ಹೋಗಬಾರದು.

ತಳಿಯ ಬಗ್ಗೆಯೂ ಹೇಳಬೇಕು. ಕುಫ್ರಿ ಜ್ಯೋತಿ 1968ರಲ್ಲಿ ಬಂದಾಗ ಅಂಗಮಾರಿ ತಡೆಯುತ್ತಿತ್ತು. ಈಗ ಆ ಶಕ್ತಿ ಉಳಿದಿಲ್ಲ, ಆದರೂ ಮಾರುಕಟ್ಟೆಗೆ ಅದೇ ಬೇಕು. ಕುಫ್ರಿ ಹಿಮಾಲಿನಿ ಹೆಚ್ಚು ತಡೆಯುತ್ತದೆ. ನಾವು ಗಾಳಿ ಬರುವ ಪಡುವಣದ ಅಂಚಿಗೆ ಹಿಮಾಲಿನಿ, ಒಳಗೆ ಜ್ಯೋತಿ ಹಾಕುತ್ತಿದ್ದೇವೆ. ಕೀಳುವ 10-15 ದಿನ ಮುಂಚೆ ಸೊಪ್ಪು ಕೊಯ್ದು ಹೊಲದಿಂದ ಹೊರಗೆ ಹಾಕಿದರೆ ಗೆಡ್ಡೆಗೆ ರೋಗ ಇಳಿಯುವುದು ಕಡಿಮೆ.

ರೋಗ ಈಗಲೂ ಬರುತ್ತದೆ. ಆದರೆ ಬಯಲಿಗೆ ಬಯಲೇ ಹೋಗುವುದು ನಿಂತಿದೆ. ಈಗಿರುವ ತಲೆನೋವು ಗುತ್ತಿಗೆಗೆ ಹೊಲ ಹಿಡಿದು ಟೊಮೆಟೊ ಹಾಕುವವರದು. ಟೊಮೆಟೊಗೂ ಇದೇ ಅಂಗಮಾರಿ ಬರುತ್ತದೆ, ಅವರು ನಮ್ಮ ಕೂಟದಲ್ಲಿಲ್ಲ. ಹಾಗಾಗಿ ಹೊಲ ಗುತ್ತಿಗೆಗೆ ಕೊಡುವವರೇ ನಮ್ಮ ಕಟ್ಟುಪಾಡನ್ನು ಅವರಿಗೆ ಮೊದಲೇ ಹೇಳಿ ಒಪ್ಪಿಸಬೇಕು ಅಂತ ಈ ಸಲ ಮಾತಾಗಿದೆ.